ಗುಂಡಿನ ಸದ್ದಿನ ನಡುವೆ ವೈದ್ಯವಿದ್ಯೆ

ಕಳೆದ ಭಾನುವಾರ ಬಲಿಪೂಜೆ ಮುಗಿದ ಬಳಿಕ ರಬಕವಿಯ ನೇಕಾರ ಕುಟುಂಬವೊಂದರ ಹಿರಿಯರು ತಮ್ಮ ಮಗಳೊಡನೆ ನಮ್ಮನ್ನು ಕಾಣಲು ಬಂದರು. ಅವರ ಕೈಯಲ್ಲಿ ಬಣ್ಣಬಣ್ಣದ ಒಂದು ಕಾಗದವಿತ್ತು. ಹೊರದೇಶದ ವೈದ್ಯಕೀಯ ವಿಶ್ವವಿದ್ಯಾಲಯವೊಂದರ ಚಿತ್ರ, ಶುಲ್ಕದ ಪಟ್ಟಿ, ಕೆಳಗೆ ಏಜೆಂಟರ ದೂರವಾಣಿ ಸಂಖ್ಯೆ. ಮಗಳು ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದಿದ್ದಾಳೆ. ಆದರೆ ಸರ್ಕಾರಿ ಸೀಟಿಗೆ ಆ ಅಂಕಗಳು ಸಾಲವು. ಖಾಸಗಿ ಕಾಲೇಜಿನ ಶುಲ್ಕವನ್ನು ಕೇಳಿಯೇ ಅವರು ಹಿಂದಿರುಗಿದ್ದಾರೆ.

“ಎರಡು ಮಗ್ಗ ಮಾರಿ, ಮನಿ ಒತ್ತಿ ಇಟ್ರ ಹೊಂದಸಬಹುದ್ರಿ ಫಾದರ್. ಆದ್ರ ಆ ದೇಶದ ಬಾಜೂಕನ ಲಡಾಯಿ ನಡದೈತಂತ ಟೀವಿಯೊಳಗ ತೋರಸ್ತಾರ. ಕಳಸೂಣೋ ಬ್ಯಾಡೋ, ನೀವ ಒಂದ ಮಾತ ಹೇಳ್ರಿ” ಎಂದರು.

ನಾವು ತತ್‍ಕ್ಷಣ ಉತ್ತರಿಸಲಾರದೆ ಹೋದೆವು. ಗುರುಮಠದಲ್ಲಿ ತತ್ವಶಾಸ್ತ್ರ ಕಲಿಯುವಾಗ ಕಠಿಣ ಪ್ರಶ್ನೆಗೆ ಮೊದಲು ವಿಂಗಡಣೆ, ಆಮೇಲೆ ಉತ್ತರ ಎಂದು ನಮ್ಮ ಅಧ್ಯಾಪಕರು ಹೇಳಿಕೊಡುತ್ತಿದ್ದರು. ಆದರೆ ಪ್ರಶ್ನೆಯು ಒಬ್ಬ ತಂದೆಯ ಮನೆ, ಮಗ್ಗ ಹಾಗೂ ಮಗಳ ರೂಪದಲ್ಲಿ ಎದುರಿಗೆ ನಿಂತಾಗ ವಿಂಗಡಣೆಯೂ ಸುಲಭವಲ್ಲ. ಒಂದು ವಾರದ ಅವಕಾಶ ಕೇಳಿದೆವು. ಆ ವಾರದಲ್ಲಿ ನಾವು ಓದಿ, ಯೋಚಿಸಿದ ಸಂಗತಿಗಳನ್ನು ಇಂದು ಓದುಗರ ಮುಂದಿಡುತ್ತಿದ್ದೇವೆ. ಇಂಥ ಪ್ರಶ್ನೆ ನಮ್ಮ ಹಲವು ಮನೆಗಳಲ್ಲಿ ಇದ್ದೇ ಇದೆ.

ಚಳಗೇರಿಯ ಮನೆ

ಯುದ್ಧಭೂಮಿಯಲ್ಲಿ ವೈದ್ಯವಿದ್ಯೆ ಎಂದೊಡನೆ ನಮ್ಮ ಉತ್ತರ ಕರ್ನಾಟಕದವರಿಗೆ ನೆನಪಾಗುವುದು ಹಾವೇರಿ ಜಿಲ್ಲೆಯ ಚಳಗೇರಿ. ಆ ಊರಿನ ನವೀನ್ ಶೇಖರಪ್ಪ ಗ್ಯಾನಗೌಡರ ಎಂಬ ಯುವಕ ಉಕ್ರೇನಿನ ಖಾರ್ಕಿವ್ ನಗರದಲ್ಲಿ ನಾಲ್ಕನೆಯ ವರ್ಷದ ವೈದ್ಯಕೀಯ ವಿದ್ಯಾರ್ಥಿಯಾಗಿದ್ದನು. 2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿನೊಳಗೆ ನುಗ್ಗಿತು. ಮಾರ್ಚ್ 1ರ ಬೆಳಿಗ್ಗೆ ಆತ ನೆಲಮಾಳಿಗೆಯ ಆಶ್ರಯದಿಂದ ಹೊರಬಂದು ದಿನಸಿ ಕೊಳ್ಳಲು ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ನಡೆದ ದಾಳಿಯಲ್ಲಿ ಪ್ರಾಣ ಕಳೆದುಕೊಂಡನು. ಒಳ್ಳೆಯ ಅಂಕಗಳಿದ್ದರೂ ಇಲ್ಲಿ ಕೈಗೆಟಕುವ ಸೀಟು ಸಿಗಲಿಲ್ಲವೆಂದು ಆತನ ತಂದೆ ಅಂದು ಪತ್ರಿಕೆಗಳ ಮುಂದೆ ಹೇಳಿಕೊಂಡ ನೋವು ಇಡೀ ರಾಜ್ಯದ ತಂದೆತಾಯಿಗಳ ನೋವಾಗಿತ್ತು.

ಮಾರ್ಚ್ 21ರಂದು ಪಾರ್ಥಿವ ಶರೀರ ಬೆಂಗಳೂರಿಗೆ ಬಂದು, ಅಲ್ಲಿಂದ ಊರಿಗೆ ತಲುಪಿತು. ಮನೆಯವರು ಅಂತಿಮ ವಿಧಿಗಳನ್ನು ಪೂರೈಸಿ, ಶರೀರವನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಮಹಾವಿದ್ಯಾಲಯಕ್ಕೆ ದಾನವಾಗಿ ಕೊಟ್ಟರು. ವೈದ್ಯನಾಗಬೇಕೆಂದು ಹೊರಟ ಮಗನ ದೇಹದಿಂದ ಇತರರ ಮಕ್ಕಳು ವೈದ್ಯರಾಗುವುದನ್ನು ಕಲಿಯಲಿ ಎಂದು ಆ ಹೆತ್ತವರು ನಿರ್ಧರಿಸಿದರು. ಅವರು ನಮ್ಮ ಧರ್ಮದವರಲ್ಲ. ಆದರೆ ಕೊಡುವುದೆಂದರೆ ಏನೆಂಬುದನ್ನು ನಾವು ಅವರಿಂದ ಕಲಿಯಬೇಕಾಗಿದೆ.

ಆ ಯುದ್ಧಾರಂಭದ ದಿನಗಳಲ್ಲಿ ಸುಮಾರು 22,500 ಭಾರತೀಯರು ಉಕ್ರೇನಿನಿಂದ ಮರಳಿದರು. ಅವರಲ್ಲಿ ಹೆಚ್ಚಿನವರು ವೈದ್ಯಕೀಯ ವಿದ್ಯಾರ್ಥಿಗಳು. ಜೀವ ಉಳಿಯಿತು, ಆದರೆ ಓದು ನಡುದಾರಿಯಲ್ಲಿ ನಿಂತಿತು. ಕೆಲವರು ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತು ಮೊಬೈಲ್ ಪರದೆಯ ಮೇಲೆ ಪಾಠ ಕೇಳಿದರು. ಇತಿಹಾಸವನ್ನೋ ಗಣಿತವನ್ನೋ ಹಾಗೆ ಕಲಿಯಬಹುದೇನೋ. ಆದರೆ ಉಬ್ಬಿದ ಹೊಟ್ಟೆಯನ್ನು ಒತ್ತಿ ನೋಡುವುದನ್ನು, ಕೂಸಿನ ಎದೆಯ ಸದ್ದನ್ನು ಆಲಿಸುವುದನ್ನು, ಸಾಯುತ್ತಿರುವವರ ಮನೆಯವರೊಡನೆ ಮಾತನಾಡುವುದನ್ನು ಪರದೆ ಕಲಿಸಲಾರದು. ಮಗ್ಗದ ಮುಂದೆ ಕುಳಿತು ಕೈಯಾಡಿಸದೆ ಯಾವ ಹುಡುಗನೂ ನೇಕಾರನಾಗಲಿಲ್ಲ. ವೈದ್ಯವಿದ್ಯೆಯೂ ಕೈಯಿಂದ ಕೈಗೆ ದಾಟುವ ವಿದ್ಯೆ. ಯುದ್ಧವು ಮೊದಲು ಕಡಿದುಹಾಕುವುದು ಈ ಕೊಂಡಿಯನ್ನೇ.

ಸರ್ಕಾರವೂ ನ್ಯಾಯಾಲಯವೂ ದಾರಿ ಹುಡುಕದೆ ಇರಲಿಲ್ಲ. ಉಕ್ರೇನಿನ ವಿದ್ಯಾರ್ಥಿಗಳು ಬೇರೆ ದೇಶದ ವಿಶ್ವವಿದ್ಯಾಲಯಗಳಲ್ಲಿ ಓದು ಮುಂದುವರಿಸುವುದಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಸೆಪ್ಟೆಂಬರಿನಲ್ಲಿ ಒಪ್ಪಿತು. ಕೊನೆಯ ವರ್ಷದವರಿಗೆ ಇಲ್ಲಿಯೇ ಅಂತಿಮ ಪರೀಕ್ಷೆ ಬರೆಯುವ ಒಂದು ಬಾರಿಯ ಅವಕಾಶಕ್ಕೆ 2023ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ದಾರಿಯಾಯಿತು. ಹಾಸಿಗೆಯ ಪಕ್ಕದ ಅನುಭವದಲ್ಲಿ ಬಿದ್ದ ಕೊರತೆಯನ್ನು ತುಂಬಲು ಒಂದು ವರ್ಷದ ಬದಲು ಎರಡು ವರ್ಷದ ತರಬೇತಿ ಸೇವೆಯನ್ನು ವಿಧಿಸಲಾಯಿತು. ವಿದ್ಯಾರ್ಥಿಗಳಿಗೆ ಇದು ಹೊರೆಯೆನಿಸಿರಬಹುದು. ಆದರೆ ಮುಂದೆ ಅವರ ಎದುರು ಮಲಗುವ ರೋಗಿಯ ಕಡೆಯಿಂದ ನೋಡಿದರೆ ಅದರ ನ್ಯಾಯ ತಿಳಿಯುತ್ತದೆ.

ಇದು ಒಂದೇ ಸಲದ ಮಾತೂ ಅಲ್ಲ. 2025ರ ಜೂನ್ ತಿಂಗಳಲ್ಲಿ ಇರಾನಿನ ಮೇಲೆ ಬಾಂಬು ಬೀಳತೊಡಗಿದಾಗ ಅಲ್ಲಿದ್ದ ಭಾರತೀಯ ವಿದ್ಯಾರ್ಥಿಗಳನ್ನು ಅರ್ಮೇನಿಯಾ ಮಾರ್ಗವಾಗಿ ಕರೆತರಬೇಕಾಯಿತು. 110 ಜನರ ಮೊದಲ ತಂಡದಲ್ಲಿ ಹೆಚ್ಚಿನವರು ಕಾಶ್ಮೀರದವರು, ವೈದ್ಯಕೀಯ ಓದುತ್ತಿದ್ದವರು.

ಸೊಲ್ಲಾಪುರದ ಮಗ

ಇಷ್ಟು ಓದಿದ ಬಳಿಕ “ಕಳಿಸಬೇಡಿ” ಎಂದು ಹೇಳಿಬಿಡುವುದು ಸುಲಭವಿತ್ತು. ಆದರೆ ಅದೇ ಹೊತ್ತಿಗೆ ನಮಗೆ ಇನ್ನೊಬ್ಬ ಯುವಕನ ನೆನಪಾಯಿತು. ಆತನ ಊರು ಸೊಲ್ಲಾಪುರ. ಕನ್ನಡ ಮರಾಠಿ ಎರಡೂ ಕೇಳಿಬರುವ, ಸಿದ್ಧರಾಮನ ಆ ಊರು ನಮ್ಮ ಭಾಗದ ನೇಕಾರರಿಗೆ ಅಪರಿಚಿತವಲ್ಲ. ಅದೂ ಮಗ್ಗದ ಊರೇ.

ದ್ವಾರಕಾನಾಥ ಕೋಟ್ನೀಸರು ಅಲ್ಲಿ 1910ರಲ್ಲಿ ಹುಟ್ಟಿದರು. ಮುಂಬಯಿಯಲ್ಲಿ ವೈದ್ಯಕೀಯ ಓದಿದರು. ಜಪಾನಿನ ಸೇನೆ ಚೀನಾದ ಮೇಲೆ ದಂಡೆತ್ತಿ ಹೋದಾಗ, ಗಾಯಾಳುಗಳ ಆರೈಕೆಗೆ ವೈದ್ಯರನ್ನು ಕಳಿಸಿರೆಂದು ಚೀನಾದ ಸೇನಾನಿ ಝು ದೆ ಅವರು ಜವಾಹರಲಾಲ ನೆಹರೂ ಅವರಿಗೆ ಬರೆದರು. 1938ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸು ಐವರು ವೈದ್ಯರ ತಂಡವನ್ನು ಕಳಿಸಿತು. ಅಟಲ್, ಚೋಳ್ಕರ್, ಬಸು, ಮುಖರ್ಜಿ ಹಾಗೂ ಕೋಟ್ನೀಸ್. ಉಳಿದ ನಾಲ್ವರು ಭಾರತಕ್ಕೆ ಮರಳಿದರು, ಕೋಟ್ನೀಸರು ಮರಳಲಿಲ್ಲ.

ಅವರು ಅಲ್ಲಿ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದ್ದಷ್ಟೇ ಅಲ್ಲ, ಚೀನೀ ಭಾಷೆಯನ್ನು ಕಲಿತು ಅಲ್ಲಿನ ತರುಣರಿಗೆ ಪಾಠ ಹೇಳಿದರು. 1941ರಲ್ಲಿ ಬೆಥ್ಯೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. ಆ ಆಸ್ಪತ್ರೆಗೆ ಹೆಸರು ಬಂದದ್ದು ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥ್ಯೂನರಿಂದ. ಬೆಥ್ಯೂನರು ಗಾಯಾಳುವಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳು ಕೊಯ್ದುಕೊಂಡು, ರಕ್ತಕ್ಕೆ ನಂಜೇರಿ, 1939ರ ನವೆಂಬರಿನಲ್ಲಿ ತೀರಿಕೊಂಡಿದ್ದರು. ಕೈಗವಸಿಗೂ ಗತಿಯಿಲ್ಲದ ನೆಲದಲ್ಲಿ ವೈದ್ಯನ ಸ್ಥಿತಿ ಅದು. ಆ ಜಾಗದಲ್ಲಿಯೇ ಕೋಟ್ನೀಸರು ಕಲಿಸಿದರು. ನಾಳೆ ಆಸ್ಪತ್ರೆ ಎಲ್ಲಿರುತ್ತದೆಂದು ಇಂದು ಗೊತ್ತಿಲ್ಲದ ಕಾಲದಲ್ಲಿ, ಕಟ್ಟಡ ಬಿದ್ದರೂ ಉಳಿಯುವ ಆಸ್ಪತ್ರೆಯೆಂದರೆ ಕಲಿತ ಶಿಷ್ಯರೇ ಎಂಬುದು ಅವರಿಗೆ ತಿಳಿದಿತ್ತು.

ಅವರು ಚೀನಾದ ದಾದಿ ಗುವೊ ಚಿಂಗ್‍ಲಾನ್ ಅವರನ್ನು ವಿವಾಹವಾದರು. 1942ರಲ್ಲಿ ಹುಟ್ಟಿದ ಮಗನಿಗೆ ಭಾರತ, ಚೀನಾ ಎರಡನ್ನೂ ಸೂಚಿಸುವ ‘ಯಿನ್‍ಹುವಾ’ ಎಂಬ ಹೆಸರಿಟ್ಟರು. ಅದೇ ವರ್ಷ ಡಿಸೆಂಬರ್ 9ರಂದು ಅಪಸ್ಮಾರದ ಬಾಧೆಯಿಂದ ಕೋಟ್ನೀಸರು ಕಾಲವಾದರು. ಆಗ ಅವರಿಗೆ 32 ವರ್ಷ. 1946ರಲ್ಲಿ ವಿ. ಶಾಂತಾರಾಮರು ಅವರ ಕತೆಯನ್ನು ಚಲನಚಿತ್ರ ಮಾಡಿದರು. ನಮ್ಮ ಹಿರಿಯರಲ್ಲಿ ಕೆಲವರು ಅದನ್ನು ನೋಡಿರಲಿಕ್ಕೂ ಸಾಕು.

ನವೀನನೂ ಕೋಟ್ನೀಸರೂ ಇಬ್ಬರೂ ದೂರದ ಯುದ್ಧದ ನೆಲದಲ್ಲಿ ತೀರಿಕೊಂಡರು. ಆದರೆ ಒಂದು ಅಂತರವಿದೆ. ಒಬ್ಬನು ಯುದ್ಧವನ್ನು ಅರಸಿ ಹೋದವನಲ್ಲ. ಓದಲು ಹೋದವನ ಮೇಲೆ ಯುದ್ಧವೇ ಬಂದೆರಗಿತು. ಇನ್ನೊಬ್ಬರು ಕಲಿತು ಮುಗಿಸಿ, ಅಪಾಯವನ್ನು ಅರಿತು, ತಾವಾಗಿಯೇ ಹೋದರು. ಅಪಾಯಕ್ಕೆ ಒಡ್ಡಲ್ಪಡುವುದು ಬೇರೆ, ತನ್ನನ್ನು ಒಡ್ಡಿಕೊಳ್ಳುವುದು ಬೇರೆ. ತ್ಯಾಗವೆಂಬ ಮಾತಿಗೆ ಅರ್ಥ ಬರುವುದು ಎರಡನೆಯದರಲ್ಲಿ. ನಮ್ಮ ಮಕ್ಕಳ ಮೇಲೆ ತ್ಯಾಗವನ್ನು ಹೊರಿಸುವ ಹಕ್ಕು ತಂದೆತಾಯಿಗಳಿಗಿಲ್ಲ, ಗುರುಗಳಿಗೂ ಇಲ್ಲ.

ಒಂದು ಚಿಟಿಕೆ ಉಪ್ಪು

ಕಲಿಕೆಯ ಮಾತು ಹೀಗಾದರೆ ಸಂಶೋಧನೆಯ ಮಾತೇನು? ಪ್ರಾಣ ಉಳಿಸಿಕೊಳ್ಳುವುದೇ ದುಸ್ತರವಾದಲ್ಲಿ ಹೊಸ ಔಷಧ, ಹೊಸ ವಿಧಾನಗಳನ್ನು ಪರೀಕ್ಷಿಸುವುದು ಸಾಧ್ಯವೇ? ಸಾಧುವೇ?

1971ರಲ್ಲಿ ಪೂರ್ವ ಪಾಕಿಸ್ತಾನದ ಯುದ್ಧದಿಂದ ಪಾರಾಗಲು ಸುಮಾರು ಒಂದು ಕೋಟಿ ಜನ ಭಾರತಕ್ಕೆ ಬಂದರು. ಪಶ್ಚಿಮ ಬಂಗಾಳದ ಗಡಿಯ ಬನಗಾಂವ್‍ನ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಅಲ್ಲಿಗೆ ಹೋದ ಡಾ. ದಿಲೀಪ್ ಮಹಾಲನಬಿಸ್ ಅವರು ಆಸ್ಪತ್ರೆಯ ನೆಲದ ಮೇಲೆ, ವಾಂತಿಭೇದಿಯ ನಡುವೆ ಮಲಗಿದ್ದ ರೋಗಿಗಳನ್ನು ಕಂಡರು. ಅಂದಿನ ರೂಢಿಯ ಚಿಕಿತ್ಸೆ ರಕ್ತನಾಳಕ್ಕೆ ಸಲೈನ್ ಏರಿಸುವುದು. ಸಲೈನ್ ಬಾಟಲಿಗಳು ಮುಗಿಯುತ್ತ ಬಂದವು, ಸೂಜಿ ಚುಚ್ಚಬಲ್ಲ ಕೈಗಳೂ ಸಾಲಲಿಲ್ಲ.

ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ಈ ಮೂರನ್ನು ನೀರಿನಲ್ಲಿ ಕರಗಿಸಿ ಬಾಯಿಂದ ಕುಡಿಸಿದರೂ ದೇಹ ನೀರನ್ನು ಹೀರಿಕೊಳ್ಳುತ್ತದೆಂಬುದು ಅದಕ್ಕೆ ಮೊದಲೇ ಕಲ್ಕತ್ತೆ, ಢಾಕಾಗಳ ಆಸ್ಪತ್ರೆಗಳಲ್ಲಿ ಕಂಡುಬಂದಿತ್ತು. ಆದರೆ ವೈದ್ಯರ ಕಣ್ಗಾವಲಿಲ್ಲದೆ, ಶಿಬಿರದ ಗೊಂದಲದಲ್ಲಿ ಅದು ನಡೆದೀತೆಂದು ನಂಬಿದವರು ವಿರಳ. ಮಹಾಲನಬಿಸರು ಅದನ್ನೇ ಕೈಗೊಂಡರು. ಪುಡಿಯನ್ನು ಕಲ್ಕತ್ತೆಯಲ್ಲಿ ತೂಗಿ ಪೊಟ್ಟಣ ಕಟ್ಟಿಸಿ ತರಿಸಿದರು. ದೊಡ್ಡ ಪೀಪಾಯಿಗಳಲ್ಲಿ ಕರಗಿಸಿದರು. ರೋಗಿಯ ತಾಯಿ, ಅಕ್ಕ, ಗಂಡ ಯಾರಿದ್ದರೋ ಅವರ ಕೈಗೇ ಬಟ್ಟಲು ಕೊಟ್ಟು ಕುಡಿಸುವುದನ್ನು ಕಲಿಸಿದರು. ಶೇ 30ರಷ್ಟಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು.

ಇಂದು ನಮ್ಮ ಬನಹಟ್ಟಿ, ತೇರದಾಳ, ಮಹಾಲಿಂಗಪುರಗಳ ಯಾವ ಔಷಧದಂಗಡಿಯಲ್ಲಿ ಕೇಳಿದರೂ ಸಿಗುವ, ಅಂಗನವಾಡಿಯಲ್ಲಿ ಹಂಚುವ ಓ.ಆರ್.ಎಸ್. ಪೊಟ್ಟಣವು ಜಗತ್ತಿನ ನಂಬಿಕೆ ಗಳಿಸಿದ್ದು ಆ ನಿರಾಶ್ರಿತರ ಶಿಬಿರದಿಂದ. ವಾಂತಿಭೇದಿಯಾದ ನಮ್ಮ ಕೂಸಿಗೆ ನಾವು ಕುಡಿಸುವ ಪ್ರತಿ ಲೋಟದ ಹಿಂದೆ ಮನೆಮಠ ಕಳೆದುಕೊಂಡ ಆ ಜನರ ಸಂಕಟವಿದೆ. ಮಹಾಲನಬಿಸರು 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮರುವರ್ಷ ರಾಷ್ಟ್ರವು ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ನೀಡಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಶಾಸ್ತ್ರೀಯ ಸಂಶೋಧನೆಯಾದರೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಳೆಯ ಚಿಕಿತ್ಸೆ, ಇನ್ನೊಂದಕ್ಕೆ ಹೊಸದು ಕೊಟ್ಟು ತಾಳೆ ನೋಡಬೇಕು. ಬನಗಾಂವ್‍ನಲ್ಲಿ ಹಾಗೆ ಮಾಡುವಂತಿರಲಿಲ್ಲ. ಮಹಾಲನಬಿಸರು ಮೊದಲು ವೈದ್ಯರಾದರು. ಲೆಕ್ಕವಿಟ್ಟದ್ದರಿಂದ ಸಂಶೋಧಕರೂ ಆದರು. ಚಿಕಿತ್ಸೆಯೇ ಗುರಿ, ತಿಳಿವಳಿಕೆ ಅದರ ಫಲ. ಈ ಕ್ರಮ ತಲೆಕೆಳಗಾಗಬಾರದು.

ಒಪ್ಪಿಗೆಯ ಹೆಬ್ಬೆಟ್ಟು

ಕ್ರಮ ತಲೆಕೆಳಗಾದರೆ ಏನಾಗುತ್ತದೆಂಬುದನ್ನೂ ಇತಿಹಾಸ ತೋರಿಸಿದೆ. ಎರಡನೆಯ ಮಹಾಯುದ್ಧದಲ್ಲಿ ನಾಜಿ ವೈದ್ಯರು ಸೆರೆಯಾಳುಗಳ ಮೇಲೆ ನಡೆಸಿದ ಪ್ರಯೋಗಗಳ ವಿಚಾರಣೆ ನ್ಯೂರೆಂಬರ್ಗಿನಲ್ಲಿ ನಡೆಯಿತು. 1947ರ ತೀರ್ಪಿನೊಂದಿಗೆ ಬಂದ ನೀತಿಸೂತ್ರಗಳಲ್ಲಿ ಮೊದಲನೆಯದೇ, ಪ್ರಯೋಗಕ್ಕೊಳಗಾಗುವವನ ಸ್ವಂತ ಇಚ್ಛೆಯ ಒಪ್ಪಿಗೆ. 1964ರಲ್ಲಿ ವಿಶ್ವ ವೈದ್ಯಕೀಯ ಸಂಘವು ಹೆಲ್ಸಿಂಕಿಯಲ್ಲಿ ಇದನ್ನು ಇನ್ನಷ್ಟು ವಿಸ್ತರಿಸಿತು. ಮನುಷ್ಯನನ್ನು ಎಂದಿಗೂ ಬರಿಯ ಸಾಧನವಾಗಿ ಬಳಸಬಾರದು, ಅವನು ತಾನೇ ಒಂದು ಗುರಿ ಎಂದು ಜರ್ಮನಿಯ ತತ್ವಜ್ಞಾನಿ ಕಾಂಟ್ ವಾದಿಸಿದ್ದನ್ನು ಗುರುಮಠದಲ್ಲಿ ನಾವು ಪರೀಕ್ಷೆಗಾಗಿ ಓದಿದ್ದೆವು. ಅದೇ ಜರ್ಮನಿಯಲ್ಲಿ ಆ ಮಾತು ಮರೆತುಹೋದುದರ ಬೆಲೆಯನ್ನು ಆಗ ಯೋಚಿಸಿರಲಿಲ್ಲ.

ಯುದ್ಧದ ನೆಲದಲ್ಲಿ ಒಪ್ಪಿಗೆಯೆಂಬುದೇ ಕಠಿಣ. ಹಸಿದವನ ಮುಂದೆ ಕಾಗದ ಹಿಡಿದು ಹೆಬ್ಬೆಟ್ಟು ಕೇಳಿದರೆ ಅವನು ಔಷಧಕ್ಕೆ ಒಪ್ಪಿದನೋ, ಊಟ ತಪ್ಪೀತೆಂದು ಒಪ್ಪಿದನೋ? ಇಂದು ಶಿಬಿರದಲ್ಲಿದ್ದ ರೋಗಿ ನಾಳೆ ಎಲ್ಲಿ ಓಡಿರುತ್ತಾನೋ. ಚಿಕಿತ್ಸೆಯ ಫಲವನ್ನು ನೋಡುವವರಾರು? ಬರೆದಿಟ್ಟ ಹೆಸರುಗಳು ಎದುರಾಳಿಯ ಕೈಗೆ ಸಿಕ್ಕರೆ ಗತಿಯೇನು?

ಆದರೂ ಶ್ರದ್ಧೆಯಿಂದ ಮಾಡಿದವರಿದ್ದಾರೆ. ಆಫ್ರಿಕಾದ ಕಾಂಗೋ ದೇಶದ ಪೂರ್ವಭಾಗದಲ್ಲಿ ಸಶಸ್ತ್ರ ಗುಂಪುಗಳ ಕಾದಾಟದ ನಡುವೆಯೇ 2018ರಲ್ಲಿ ಎಬೋಲಾ ರೋಗ ಹಬ್ಬಿ 2,200ಕ್ಕೂ ಹೆಚ್ಚು ಜನ ಸತ್ತರು. ಆ ವರ್ಷದ ನವೆಂಬರಿನಲ್ಲಿ ಅಲ್ಲಿ ನಾಲ್ಕು ಔಷಧಗಳ ಪರೀಕ್ಷೆ ಆರಂಭವಾಯಿತು. 2019ರ ಫೆಬ್ರವರಿಯಲ್ಲಿ ಚಿಕಿತ್ಸಾ ಕೇಂದ್ರಗಳ ಮೇಲೆಯೇ ದಾಳಿ ನಡೆಯಿತು. ಏಪ್ರಿಲ್ 19ರಂದು, ಅಂದು ಶುಭ ಶುಕ್ರವಾರ, ಬುಟೆಂಬೊ ಊರಿನ ವಿಶ್ವವಿದ್ಯಾಲಯದ ಆಸ್ಪತ್ರೆಗೆ ನುಗ್ಗಿದವರ ಗುಂಡಿಗೆ ಕ್ಯಾಮರೂನಿನ ವೈದ್ಯ ರಿಚರ್ಡ್ ಮೌಜೋಕೊ ಬಲಿಯಾದರು. ಕೆಲಸ ನಿಲ್ಲಲಿಲ್ಲ. ಎರಡು ಔಷಧಗಳು ಉಳಿದೆರಡಕ್ಕಿಂತ ಉತ್ತಮವೆಂದು ಅದೇ ಆಗಸ್ಟಿನಲ್ಲಿ ಖಚಿತವಾಯಿತು. ಅಲ್ಲಿಂದ ಮುಂದೆ ರೋಗಿಗಳಿಗೆಲ್ಲ ಅವನ್ನೇ ಕೊಡಲಾಯಿತು.

ಕೆಂಪು ಶಿಲುಬೆಯ ಗುರುತು

ಗಾಯಾಳುವನ್ನೂ ಅವನ ಆರೈಕೆ ಮಾಡುವವರನ್ನೂ ಮುಟ್ಟಬಾರದೆಂಬ ನಿಯಮ ಇಲ್ಲವೇ ಎಂದು ಓದುಗರು ಕೇಳಬಹುದು. ಇದೆ. ತಾವೇ ಹಿಂದೆ ಸೈನಿಕರಾಗಿದ್ದ ಸಂತ ಕಮಿಲ್ಲಸರು ಸ್ಥಾಪಿಸಿದ ರೋಗಿಸೇವಕರ ಸಂಸ್ಥೆಯವರು 1586ರಿಂದ ತಮ್ಮ ನಿಲುವಂಗಿಯ ಮೇಲೆ ಕೆಂಪು ಶಿಲುಬೆಯನ್ನು ಧರಿಸಿದರು. 1595ರಲ್ಲಿ ಹಂಗೇರಿಯ ಯುದ್ಧಭೂಮಿಗೆ ಗಾಯಾಳುಗಳ ಆರೈಕೆಗಾಗಿ ಹೋದರು. 1859ರ ಜೂನ್ 24ರಂದು ಇಟಲಿಯ ಸೊಲ್ಫೆರಿನೋ ಕದನದ ಗಾಯಾಳುಗಳನ್ನು ಕಂಡು ಕರಗಿದ ಹೆನ್ರಿ ಡ್ಯೂನಾಂಟರ ಪ್ರಯತ್ನದಿಂದ 1863ರಲ್ಲಿ ರೆಡ್ ಕ್ರಾಸ್ ಹುಟ್ಟಿತು. 1864ರಲ್ಲಿ ಮೊದಲ ಜಿನೀವಾ ಒಪ್ಪಂದವಾಯಿತು.

ಕಾಗದದ ಮೇಲೆ ನಿಯಮ ಗಟ್ಟಿಯಾಗಿದೆ. ನೆಲದ ಮೇಲೆ ಅಷ್ಟಿಲ್ಲ. 2015ರ ಅಕ್ಟೋಬರ್ 3ರಂದು ಅಫ್ಘಾನಿಸ್ತಾನದ ಕುಂದೂಜಿನಲ್ಲಿ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಯ ಆಸ್ಪತ್ರೆಯ ಮೇಲೆ ಅಮೆರಿಕದ ಯುದ್ಧವಿಮಾನ ದಾಳಿ ಮಾಡಿ 42 ಜನ ಸತ್ತರು. ಮರುವರ್ಷ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಆಸ್ಪತ್ರೆಗಳ ರಕ್ಷಣೆಗಾಗಿ ಠರಾವು ಮಾಡಿತು. ಅದರ ನಂತರವೂ ಸಿರಿಯಾ, ಉಕ್ರೇನ್, ಸುಡಾನ್, ಗಾಜಾಗಳಲ್ಲಿ ಆಸ್ಪತ್ರೆಗಳ ಮೇಲೆ ಬಾಂಬು ಬಿದ್ದಿದೆ. ಆದ್ದರಿಂದ ಬಿಳಿಯ ಕೋಟು ಹಾಕಿಕೊಂಡವರಿಗೆ ಏನೂ ಆಗದೆಂಬ ಭರವಸೆಯನ್ನು ಯಾವ ಏಜೆಂಟನು ಕೊಟ್ಟರೂ ನಂಬಬಾರದು.

ತಂದೆಗೆ ನಾವು ಹೇಳಿದ್ದು

ವಾರ ಕಳೆದು ಅವರು ಮತ್ತೆ ಬಂದರು. ಹೋಗಲಿ ಎಂದಾಗಲಿ ಬೇಡವೆಂದಾಗಲಿ ನಾವು ಹೇಳಲಿಲ್ಲ. ಕೆಲವು ಪ್ರಶ್ನೆಗಳನ್ನು ಬರೆದುಕೊಟ್ಟೆವು. ಇತರ ಕುಟುಂಬಗಳಿಗೂ ಉಪಯೋಗವಾದೀತೆಂದು ಇಲ್ಲಿ ಕೊಡುತ್ತಿದ್ದೇವೆ.

ಮೊದಲನೆಯದು, ಆ ಓದು ಇಲ್ಲಿ ಸಲ್ಲುವುದೇ? 2021ರ ನವೆಂಬರಿನಿಂದ ಜಾರಿಯಾದ ನಿಯಮದಂತೆ ಹೊರದೇಶದ ಓದು ಕನಿಷ್ಠ 54 ತಿಂಗಳಿನದಾಗಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ತರಬೇತಿ ಆಗಬೇಕು, ಆ ದೇಶದಲ್ಲಿ ವೈದ್ಯವೃತ್ತಿ ಮಾಡುವ ಅರ್ಹತೆಯೂ ದೊರೆಯಬೇಕು. ಮರಳಿ ಬಂದ ಮೇಲೆ ಪರವಾನಗಿ ಪರೀಕ್ಷೆಯಿದೆ. ಅದರಲ್ಲಿ ತೇರ್ಗಡೆಯಾಗದೆ ಉಳಿದವರು ಬಹಳ. ಇದನ್ನು ಏಜೆಂಟರ ಬಾಯಿಂದಲ್ಲ, ಆಯೋಗದ ಪ್ರಕಟಣೆಯಿಂದಲೇ ಓದಿ ತಿಳಿಯಬೇಕು.

ಎರಡನೆಯದು, ಅಲ್ಲಿ ಸಂಕಟ ಬಂದರೆ ಹೊರಬರುವ ದಾರಿ ಯಾವುದು? ಭಾರತದ ರಾಯಭಾರ ಕಚೇರಿ ಎಷ್ಟು ದೂರ? ಹೋದ ದಿನವೇ ಅಲ್ಲಿ ಹೆಸರು ನೋಂದಾಯಿಸಬೇಕು. ಕಚೇರಿಯು ಹೊರಡಿರೆಂದು ಸೂಚಿಸಿದರೆ, ಹಾಜರಿ ತಪ್ಪೀತು, ಶುಲ್ಕ ಹೋದೀತು ಎಂದು ತಡಮಾಡಬಾರದು. ಮನೆಯವರೂ “ಇನ್ನೊಂದೆರಡು ದಿನ ನೋಡು” ಎನ್ನಬಾರದು.

ಮೂರನೆಯದು, ನಡುವೆ ಓದು ನಿಂತರೆ ಮನೆ ನಿಲ್ಲುವುದೇ? ಎರಡು ಮಗ್ಗ ಮಾರಿ ಉಳಿದ ಮಗ್ಗಗಳಲ್ಲಿ ಸಾಲದ ಕಂತು ಕಟ್ಟಬಹುದೇ? ತಂಗಿ ತಮ್ಮಂದಿರ ಪಾಲು ಏನಾಗುತ್ತದೆ? ಒಬ್ಬರ ಓದಿಗಾಗಿ ಮನೆಯವರೆಲ್ಲರ ಅನ್ನವನ್ನು ಪಣವಿಡುವುದು ಪ್ರೀತಿಯಂತೆ ಕಂಡರೂ ವಿವೇಕವಲ್ಲ.

ನಾಲ್ಕನೆಯದು, ಇಲ್ಲಿರುವ ಬಾಗಿಲುಗಳನ್ನೆಲ್ಲ ತಟ್ಟಿ ನೋಡಿದ್ದೀರಾ? ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 1963ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ತನ್ನ ವಿದ್ಯಾರ್ಥಿಗಳಿಂದ ಹಿಂದುಳಿದ ಊರುಗಳ ಸೇವೆಯ ಕರಾರು ಬರೆಸಿಕೊಳ್ಳುವುದು ನಮ್ಮಲ್ಲಿ ಹಲವರಿಗೆ ತಿಳಿಯದು. ಇನ್ನೊಂದು ವರ್ಷ ಓದಿ ನೀಟ್ ಬರೆಯುವುದೂ ನಾಚಿಕೆಯ ಮಾತಲ್ಲ. ಶುಶ್ರೂಷೆ, ಔಷಧಶಾಸ್ತ್ರ, ಪ್ರಯೋಗಾಲಯ ತಂತ್ರ ಇವು ವೈದ್ಯರ ಕೆಲಸಕ್ಕಿಂತ ಕೀಳಲ್ಲ. ಬನಗಾಂವ್‍ನಲ್ಲಿ ಜೀವ ಉಳಿಸಿದ್ದು ಬಟ್ಟಲು ಹಿಡಿದ ತಾಯಂದಿರ ಕೈಗಳೇ.

ಐದನೆಯದು ಮಗಳಿಗೆ ಕೇಳಬೇಕಾದ ಪ್ರಶ್ನೆ. ಅಲ್ಲಿಯವರೆಗೂ ಮಾತಾಡಿದವರೆಲ್ಲ ನಾವೇ ಗಂಡಸರು; ಆಕೆ ಬಾಗಿಲ ಬಳಿ ಸುಮ್ಮನೆ ನಿಂತಿದ್ದಳು. “ನಿನಗೇನು ಅನಸ್ತದ ತಂಗಿ?” ಎಂದು ಕೇಳಿದೆವು. ಆಕೆ ತಂದೆಯ ಕಡೆ ಒಮ್ಮೆ ನೋಡಿ, “ಡಾಕ್ಟರ್ ಆಗೂದ ಖರೇರಿ ಫಾದರ್. ಆದ್ರ ಅಪ್ಪನ ಮಗ್ಗ ಮಾರಿ ಅಲ್ರಿ. ಇನ್ನೊಂದ ವರ್ಷ ಓದತೇನ್ರಿ” ಎಂದಳು.

ತಂದೆಯವರು ಬಹಳ ಹೊತ್ತು ಮಾತಾಡಲಿಲ್ಲ. ಬಣ್ಣದ ಕಾಗದವನ್ನು ನಾಲ್ಕಾಗಿ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು, ಹರಿದುಹಾಕಲಿಲ್ಲ. ಮುಂದಿನ ವರ್ಷ ಏನಾಗುವುದೋ ನಾವು ಅರಿಯೆವು. ಆಕೆ ಇಲ್ಲಿಯೇ ಓದಬಹುದು, ಹೊರಗೂ ಹೋಗಬಹುದು. ಎಂದಾದರೊಂದು ದಿನ ಸೊಲ್ಲಾಪುರದ ಆ ವೈದ್ಯರಂತೆ ಯಾರೂ ಹೋಗದ ನೆಲಕ್ಕೆ ತಾನಾಗಿಯೇ ಹೊರಡಲೂಬಹುದು. ಹಾಗೆ ಹೊರಟರೆ ತಡೆಯುವವರು ನಾವಲ್ಲ. ಆದರೆ ಆ ನಿರ್ಧಾರ ಆಕೆಯದಾಗಿರಲಿ, ಏಜೆಂಟರ ಅವಸರದ್ದಾಗದಿರಲಿ.

ಈ ವಾರ ನಮ್ಮ ಕುಟುಂಬ ಪ್ರಾರ್ಥನೆಯಲ್ಲಿ ಯುದ್ಧದ ಊರುಗಳಲ್ಲಿ ಕಲಿಯುತ್ತಿರುವ, ಕಲಿಸುತ್ತಿರುವ ವೈದ್ಯರನ್ನೂ ದಾದಿಯರನ್ನೂ ನೆನೆಯೋಣ. ಚಳಗೇರಿಯ ಆ ಮನೆಯನ್ನೂ ಮರೆಯದಿರೋಣ.